ಅಕ್ಕನ ಪೆಟ್ಟಿಗೆಯ ಬೋಲ್ಟು

ಹೊಲಿಗೆಯಂತ್ರದ ರಿಪೇರಿ ಕೂತು ಮಾಡುವ ಕೆಲಸ. ಆದರೆ ನಮ್ಮ ಬೀದಿಯ ರಿಪೇರಿಯವನು ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಒಂದು ಯಂತ್ರದ ಹೊಟ್ಟೆ ಬಿಚ್ಚಿ ಸ್ಕ್ರೂಗಳನ್ನು ತಟ್ಟೆಗೆ ಹಾಕುತ್ತಿದ್ದ. ಅಷ್ಟರಲ್ಲೇ ಎದ್ದು ಇನ್ನೊಂದರ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದ. ಬಾಗಿಲಿಗೆ ಬಂದು ಬೀದಿಯ ಎರಡೂ ತುದಿಗಳನ್ನು ನೋಡುತ್ತಿದ್ದ. ಮತ್ತೆ ಒಳಗೆ ಹೋಗಿ ತಟ್ಟೆಯಲ್ಲಿದ್ದ ಸ್ಕ್ರೂಗಳನ್ನು ಎಣಿಸುತ್ತಿದ್ದ. ಬೀದಿಯ ಮಕ್ಕಳು ಅವನಿಗೆ ಚಡಪಡಿ ಮಾಮ ಎಂದು ಹೆಸರಿಟ್ಟರು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮನೆಯ ಯಂತ್ರಗಳನ್ನು ಅವನಲ್ಲಿಗೇ ಹೊತ್ತು ತರುವ ಕಾಲ ಬಂದರೂ ಹೆಸರು ಮಾತ್ರ ಹಾಗೆಯೇ ಉಳಿಯಿತು. ಎರಡು ತುತ್ತಿಗೊಮ್ಮೆ ಎದ್ದು ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ನೋಡುವ ಗಂಡನ ಜೊತೆ ಉಣ್ಣುವುದೂ ಒಂದೇ, ಬಸ್ ನಿಲ್ದಾಣದಲ್ಲಿ ಉಣ್ಣುವುದೂ ಒಂದೇ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಇಂಥವನ ಬಳಿ ಹಳೆಯ ಮಿಲಿಟರಿ ರೈಫಲ್ಲೊಂದು ಇದೆ ಎಂದರೆ ಹೊಸಬರು ನಗುತ್ತಿದ್ದರು. ಬಲ್ಲವರು ನಗುತ್ತಿರಲಿಲ್ಲ. ಅವನ ಅಪ್ಪ ಸೇನೆಯಲ್ಲಿ ಬಂದೂಕುಗಳ ದುರಸ್ತಿ ನೋಡಿಕೊಳ್ಳುತ್ತಿದ್ದವರು. ನಿವೃತ್ತರಾದ ಮೇಲೆ, ಸೇನೆಯು ಬಳಕೆಯಿಂದ ತೆಗೆದ ರೈಫಲ್ಲುಗಳು ಮಾರಾಟಕ್ಕೆ ಬಂದಾಗ, ಲೈಸೆನ್ಸು ಮಾಡಿಸಿ ಒಂದನ್ನು ಕೊಂಡುಕೊಂಡರು. ಅದಕ್ಕೆ ಅವರಿಗಿಂತಲೂ ಹೆಚ್ಚು ವಯಸ್ಸಾಗಿತ್ತು. ಎಣ್ಣೆ ಕುಡಿದು ಕುಡಿದು ಅದರ ಮರ ಹಳೆಯ ಜೇನಿನ ಬಣ್ಣಕ್ಕೆ ತಿರುಗಿತ್ತು. ಹೆಗಲಿಗೆ ಒತ್ತುವ ಹಿತ್ತಾಳೆಯ ತಟ್ಟೆಯ ಮೇಲೆ ಯಾರೋ ಸೈನಿಕ ಮೊಳೆಯಿಂದ ಕೊರೆದ ಎರಡು ಗೀಟುಗಳಿದ್ದವು. ಅವು ಯಾವುದರ ಲೆಕ್ಕವೆಂದು ಮಕ್ಕಳು ಕೇಳಿದರೆ ಅಪ್ಪ ಮಾತು ಬದಲಿಸುತ್ತಿದ್ದರು.

ಈ ಜಾತಿಯ ರೈಫಲ್ಲಿಗೆ ಬೋಲ್ಟ್ ಎಂಬ ಭಾಗವೇ ಪ್ರಾಣ. ಬಾಗಿಲಿನ ಅಗಳಿಯ ಹಾಗೆ ಅದನ್ನು ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಹಿಡಿಯನ್ನು ಕೆಳಗೆ ಮಡಚಿದರೆ ತೋಟಾ ನಳಿಗೆಯ ಬಾಯಲ್ಲಿ ಭದ್ರವಾಗಿ ಕೂರುತ್ತದೆ. ಅದನ್ನು ಪೂರ್ತಿ ಹೊರಗೆ ತೆಗೆದುಬಿಟ್ಟರೆ ರೈಫಲ್ಲು ಬರೀ ಕೋಲು. ಪ್ರತಿಯೊಂದು ಬೋಲ್ಟನ್ನೂ ಅದರದೇ ರೈಫಲ್ಲಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಹೊಂದಿಸಿ, ಎರಡರ ಮೇಲೂ ಒಂದೇ ನಂಬರನ್ನು ಒತ್ತಿರುತ್ತಾರೆ. ಒಂದರ ಬೋಲ್ಟು ಇನ್ನೊಂದಕ್ಕೆ ಹೋಗಿ ಕೂರುವುದೂ ಉಂಟು, ಅಪಾಯವಿರುವುದೂ ಅಲ್ಲಿಯೇ. ಹಿಂಬದಿಯಲ್ಲಿ ಜಾಗ ತುಸು ಹೆಚ್ಚು ಉಳಿದರೂ ಸಾಕು, ಹಿತ್ತಾಳೆಯ ತೋಟಾ ಹರಿದು, ಕಾದ ಗಾಳಿ ಗುರಿ ಹಿಡಿದವನ ಕಣ್ಣಿಗೇ ಬಂದು ಹೊಡೆಯುತ್ತದೆ.

ಇದನ್ನು ಬಲ್ಲ ಅಪ್ಪ ಒಂದು ಕಟ್ಟಳೆ ಮಾಡಿದ್ದರು. ರೈಫಲ್ಲು ಮಗನ ಮನೆಯ ಕಬ್ಬಿಣದ ಬೀರುವಿನಲ್ಲಿ, ತೋಟಾಗಳು ಊರಿನ ರೈಫಲ್ ಕ್ಲಬ್ಬಿನ ತಿಜೋರಿಯಲ್ಲಿ, ಬೋಲ್ಟು ಎರಡು ಬೀದಿಯಾಚೆ ಇದ್ದ ಮಗಳ ಮನೆಯ ಪೆಟ್ಟಿಗೆಯಲ್ಲಿ. ಲೈಸೆನ್ಸಿನಲ್ಲಿ ಇಬ್ಬರ ಹೆಸರನ್ನೂ ಬರೆಸಿದ್ದರು. ಮೂರು ಕಡೆ ಇದ್ದದ್ದು ಒಂದು ಕಡೆ ಸೇರಬೇಕಾದರೆ ಮೂವರಿಗಾದರೂ ಗೊತ್ತಾಗಬೇಕು, ಆಗ ಸಿಟ್ಟಿನಲ್ಲಿಯೋ ಅವಸರದಲ್ಲಿಯೋ ಯಾರೂ ಕೈ ಹಾಕುವಂತಿಲ್ಲ ಎಂಬುದು ಅವರ ತರ್ಕ. ಬೋಲ್ಟನ್ನು ಕೊಡುವಾಗ ಒಮ್ಮೆ, ಹಿಂದಕ್ಕೆ ತೆಗೆದುಕೊಳ್ಳುವಾಗ ಒಮ್ಮೆ ಅಕ್ಕ ಅದರ ನಂಬರನ್ನು ಗಟ್ಟಿಯಾಗಿ ಓದಬೇಕು, ತಮ್ಮ ನಿಂತು ಕೇಳಬೇಕು. ಏಳು, ಏಳು, ನಾಲ್ಕು, ಎರಡು. ಅಪ್ಪ ಹೋಗಿ ಹದಿನಾರು ವರ್ಷವಾದರೂ ತಿಂಗಳಿಗೊಮ್ಮೆ ಈ ಓದು ನಡೆಯುತ್ತಲೇ ಇತ್ತು. ಅಪ್ಪನ ಸೇನೆಯ ದಿನಗಳ ಹಸಿರು ಉಣ್ಣೆಯ ಕಾಲುಚೀಲವೇ ಬೋಲ್ಟಿನ ಚೀಲ. ಅಕ್ಕ ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಮಗ್ಗಿ ಒಪ್ಪಿಸುವ ರಾಗದಲ್ಲಿ ನಾಲ್ಕು ಅಂಕಿಗಳನ್ನು ಓದುವವರೆಗೆ ಚಡಪಡಿ ಹೊಸ್ತಿಲ ಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿರುತ್ತಿದ್ದ.

ಊರಾಚೆ, ಹಳೆಯ ಕಲ್ಲುಗಣಿಯ ಗೋಡೆಗೆ ಎದುರಾಗಿ ಕ್ಲಬ್ಬಿನ ಗುರಿ ಮೈದಾನವಿತ್ತು. ಅಲ್ಲಿ ಚಾಪೆಯ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ಮರಕ್ಕೆ ಒತ್ತಿದ ಮೇಲೆ ಇವನು ಬೇರೆಯೇ ಮನುಷ್ಯನೆಂದು ಮೈದಾನದ ಉಸ್ತುವಾರಿಯವರು ನನ್ನೊಡನೆ ಹೇಳಿದ್ದುಂಟು. ಉಸಿರು ನಿಧಾನವಾಗುತ್ತಿತ್ತು, ಕಾಲು ಅಲುಗುತ್ತಿರಲಿಲ್ಲ. ಇಡೀ ತಿಂಗಳಿನಲ್ಲಿ ಅವನಿಗೆ ನೆಮ್ಮದಿ ಸಿಗುತ್ತಿದ್ದುದು ಹತ್ತು ತೋಟಾಗಳನ್ನು ಹೊಡೆಯುವಷ್ಟು ಹೊತ್ತು ಮಾತ್ರ. ಎದ್ದು ನಿಂತೊಡನೆ ಮತ್ತೆ ಹಳೆಯ ಚಡಪಡಿಯೇ. ಯಾರು ಬೇಕಾದರೂ, ನೋಡಲು ಬಂದವರೂ ಸಹ, ಅಪಾಯ ಕಂಡರೆ ‘ನಿಲ್ಲಿಸಿ’ ಎಂದು ಕೂಗಬಹುದು, ಕೂಗಿದರೆ ಎಲ್ಲರೂ ನಿಲ್ಲಿಸಲೇಬೇಕು ಎಂದು ಗೇಟಿನ ಹಲಗೆಯ ಮೇಲೆ ಬರೆದಿತ್ತು. ಆ ವರ್ಷ ಅವನು ಮೂರು ಸಲ ಕೂಗಿದ್ದ: ಒಮ್ಮೆ ನಾಯಿಗಾಗಿ, ಒಮ್ಮೆ ಗಣಿಯ ಮೇಲೆ ಯಾರೋ ನಿಂತಂತೆ ಕಂಡದ್ದಕ್ಕಾಗಿ, ಮೂರನೆಯ ಸಲ ಗಾಳಿಗೆ ಹಾರಿಬಂದ ಒಂದು ಪ್ಲಾಸ್ಟಿಕ್ ಚೀಲಕ್ಕಾಗಿ. ಚೀಲಕ್ಕೂ ಲೈಸೆನ್ಸು ಕೇಳಿದೆಯಾ ಎಂದು ಸದಸ್ಯರು ತಿಂಗಳುಗಟ್ಟಲೆ ಕಾಲೆಳೆದರು. ಇನ್ನು ಮೇಲೆ ಬಾಯಿ ಬಿಗಿಹಿಡಿಯಬೇಕೆಂದು ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಅಕ್ಕ ತಮ್ಮಂದಿರ ನಡುವೆ ಮಾತು ಕೆಟ್ಟದ್ದು ಒಂದು ಶನಿವಾರ ಬೆಳಗ್ಗೆ. ಬೋಲ್ಟನ್ನು ಓದಿ ಕೊಡುತ್ತ ಅಕ್ಕ, ರೈಫಲ್ಲನ್ನು ಪೊಲೀಸ್ ಠಾಣೆಗೆ ಒಪ್ಪಿಸಿಬಿಡಬಾರದೇ ಎಂದಳು. ಅವಳಿಗೆ ಅರವತ್ತೆಂಟು. ಮಂಡಿ ನೋವು, ಒಬ್ಬಳೇ ಇರುವ ಮನೆ. ತನ್ನ ನಂತರ ಈ ಕಬ್ಬಿಣದ ತುಂಡು ಯಾರ ಕೈಗೆ ಹೋದೀತೆಂಬುದು ಅವಳ ಯೋಚನೆ. ಅವನಿಗೆ ಕೇಳಿಸಿದ್ದೇ ಬೇರೆ. ತನ್ನ ಹತ್ತು ತೋಟಾಗಳ ನೆಮ್ಮದಿಯನ್ನು ಯಾರೋ ಕಿತ್ತುಕೊಳ್ಳಲು ಬಂದಂತಾಯಿತು. ಬಾಯಿಂದ ಬಂದದ್ದು ಹೀಗೆ: “ನೀನು ಇಟ್ಕೊಂಡಿರೋದು ಬಿಟ್ಟು ಇನ್ನೇನು ಮಾಡಿದೀಯ? ಅಷ್ಟು ಕೆಲಸ ಪೆಟ್ಟಿಗೆನೂ ಮಾಡುತ್ತೆ.”

ಅಕ್ಕ ಕನ್ನಡಕ ತೆಗೆದು ಮಡಚಿಟ್ಟಳು. ಅವನು ಮೈದಾನಕ್ಕೆ ಹೋದ. ಅಂದು ಗುರಿ ನೆಟ್ಟಗಾಗಲಿಲ್ಲ. ಹತ್ತರಲ್ಲಿ ನಾಲ್ಕು ಹೊರಗೆ ಹೋದವು. ಹಳೆಯ ತೋಟಾಗಳ ಮದ್ದು ನಳಿಗೆಯಲ್ಲಿ ಉಪ್ಪನ್ನು ಬಿಡುವುದರಿಂದ, ಹೊಡೆದ ಮೇಲೆ ಕುದಿಯುವ ನೀರನ್ನು ಹೊಯ್ದು ತೊಳೆಯುವುದು ಅಲ್ಲಿನ ಪದ್ಧತಿ. ಬೋಲ್ಟುಗಳನ್ನು ಹೊರತೆಗೆದು ಮೇಜಿನ ಮೇಲಿನ ವೃತ್ತಪತ್ರಿಕೆಯ ಮೇಲೆ ಇಟ್ಟು, ಕೆಟಲ್ಲು ಹಿಡಿದು ಸರದಿಗೆ ನಿಲ್ಲುತ್ತಾರೆ. ಚಡಪಡಿ ಯಾವಾಗಲೂ ತನ್ನದನ್ನು ಮೇಜಿಗೆ ಇಡದೆ ಅಂಗಿಯ ಜೇಬಿಗೇ ಹಾಕಿಕೊಳ್ಳುತ್ತಿದ್ದ. ಅಂದು ಇಟ್ಟ. ಪಕ್ಕದಲ್ಲೇ ಇನ್ನೊಬ್ಬ ಸದಸ್ಯರಾದ ಬೇಕರಿ ಯಜಮಾನರ ಬೋಲ್ಟು ಇತ್ತು. ಅವರದೂ ಅದೇ ಜಾತಿಯ, ಅದೇ ಕಾಲದ ರೈಫಲ್ಲು. ಅವರು ಕೆಟಲ್ಲು ಬಗ್ಗಿಸುತ್ತಿದ್ದಾಗ ಇವನು ಒಂದನ್ನೆತ್ತಿ ಒರೆಸಿ ಕಾಲುಚೀಲಕ್ಕೆ ತುರುಕಿ ಹೊರಟ. ಸಂಜೆ ಅಕ್ಕನ ಹೊಸ್ತಿಲಲ್ಲಿ ಅದನ್ನು ಚಾಚಿದ. ಅವಳು ಮುಖ ನೋಡದೆ ತೆಗೆದುಕೊಂಡಳು. ಚೀಲ ಬಿಚ್ಚಲಿಲ್ಲ, ಕನ್ನಡಕ ಹುಡುಕಲಿಲ್ಲ, ಓದಲಿಲ್ಲ. ಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದು ಕೇಳಿ ಅವನು ಮೆಟ್ಟಿಲಿಳಿದ. ಹದಿನಾರು ವರ್ಷಗಳಲ್ಲಿ ಓದು ತಪ್ಪಿದ್ದು ಅದೊಂದೇ ದಿನ.

ಆರು ವಾರ ಮಾತಿಲ್ಲ. ಅವನು ಮೈದಾನಕ್ಕೂ ಹೋಗಲಿಲ್ಲ. ಅಂಗಡಿಯಲ್ಲಿ ಅವನ ಓಡಾಟ ಎರಡರಷ್ಟಾಯಿತು. ಒಂದೇ ಯಂತ್ರವನ್ನು ಮೂರು ಸಲ ಬಿಚ್ಚಿ ಕೂಡಿಸಿದ. ಅಕ್ಕನ ಬೀದಿಯ ತಿರುವಿನವರೆಗೆ ಹೋಗಿ, ಏನೋ ಮರೆತವನಂತೆ ಜೇಬು ತಡವಿಕೊಂಡು ಹಿಂತಿರುಗುವುದನ್ನು ನಾನೇ ಎರಡು ಬಾರಿ ಕಂಡೆ. ನೀವೇ ಹೋಗಿ ಮಾತಾಡಿ ಎಂದಳು ಹೆಂಡತಿ. ಅಕ್ಕನೇ ಮೊದಲು ಮಾತಾಡಲಿ ಎಂದ.

ಅವಳೇ ಮೊದಲು ಮಾತಾಡಿದಳು. ಏಳನೆಯ ಶನಿವಾರ, ಮಧ್ಯಾಹ್ನದ ಹೊತ್ತು, ಅಂಗಡಿಯ ಮುಂದೆ ಆಟೋ ನಿಂತಿತು. ಇಪ್ಪತ್ತು ವರ್ಷಗಳಲ್ಲಿ ಆ ಅಂಗಡಿಯ ಮೆಟ್ಟಿಲು ಹತ್ತದ ಅಕ್ಕ ಮಂಡಿ ಹಿಡಿದುಕೊಂಡು ಹತ್ತಿ ಬಂದಳು. ಕೈಯಲ್ಲಿ ಹಸಿರು ಕಾಲುಚೀಲ. ಶಾಲು ತೆಗೆಯಲೆಂದು ಪೆಟ್ಟಿಗೆಗೆ ಕೈ ಹಾಕಿದಾಗ ಅದು ತಗುಲಿತಂತೆ. ಓದದೆ ಇಟ್ಟದ್ದು ಆರು ವಾರದಿಂದ ಮನಸ್ಸಿನಲ್ಲಿ ಚುಚ್ಚುತ್ತಿತ್ತಂತೆ. ತೆಗೆದು ಓದಿದಳು. ಕನ್ನಡಕ ಒರೆಸಿ ಮತ್ತೆ ಓದಿದಳು.

“ಒಂದು, ಒಂದು, ಎಂಟು, ಐದು,” ಎಂದಳು ಅಂಗಡಿಯಲ್ಲಿ ನಿಂತು. ಆಮೇಲೆ, “ಪೆಟ್ಟಿಗೆಗೆ ಓದೋಕೆ ಬರಲ್ಲ, ಪುಟ್ಟ.”

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರು ನೆಲಕ್ಕೆ ಬಿತ್ತು. ಮೇಜು, ವೃತ್ತಪತ್ರಿಕೆ, ಎರಡು ಬೋಲ್ಟುಗಳು, ಕೆಟಲ್ಲಿನ ಹಬೆ ಎಲ್ಲವೂ ಒಂದೇ ಸಲಕ್ಕೆ ಕಣ್ಣ ಮುಂದೆ ಬಂದವು. ತನ್ನ ಬೋಲ್ಟು ಬೇಕರಿ ಯಜಮಾನರ ರೈಫಲ್ಲಿನಲ್ಲಿದೆ. ಹೊಸ ಒಲೆ ಕಟ್ಟಿಸುವ ಗಡಿಬಿಡಿಯಲ್ಲಿ ಅವರೂ ಇಷ್ಟು ದಿನ ಮೈದಾನಕ್ಕೆ ಹೋಗಿರಲಿಲ್ಲ ಎಂಬುದೊಂದೇ ಅವನಿಗಿದ್ದ ಧೈರ್ಯ. ಬೇಕರಿಗೆ ಫೋನು ಮಾಡಿದ. ಒಲೆಯ ಕೆಲಸ ನಿನ್ನೆಗೆ ಮುಗಿಯಿತು, ಯಜಮಾನರು ರೈಫಲ್ಲು ತೆಗೆದುಕೊಂಡು ಹೊರಟು ಅರ್ಧ ಗಂಟೆಯಾಯಿತು ಎಂದರು ಅಲ್ಲಿನವರು. ಯಜಮಾನರ ಮೊಬೈಲು ರಿಂಗಾಗುತ್ತಲೇ ಇತ್ತು. ಮೈದಾನದಲ್ಲಿ ಅದನ್ನು ಕಾರಿನಲ್ಲೇ ಬಿಡಬೇಕೆಂಬ ನಿಯಮ ಅವನಿಗೆ ಗೊತ್ತಿತ್ತು. ಕ್ಲಬ್ಬಿನ ಕಚೇರಿಯ ಫೋನೂ ಹಾಗೆಯೇ ರಿಂಗಾಯಿತು. ಗುಂಡು ಹೊಡೆಯುವ ಹೊತ್ತಿನಲ್ಲಿ ಕಚೇರಿಯಲ್ಲಿ ಯಾರೂ ಇರುವುದಿಲ್ಲ.

ಅಂಗಡಿಯ ಬಾಗಿಲು ಎಳೆದು ಸ್ಕೂಟರು ಹತ್ತಿದ. ಬೀಗ ಹಾಕಿದೆಯೋ ಇಲ್ಲವೋ ಎಂದು ಅಂದು ತಿರುಗಿ ನೋಡಲಿಲ್ಲ. ಚೀಲ ಕೊಡು ಎಂದ. ಓದದ ಬೋಲ್ಟನ್ನು ಒಂದು ಸಲ ತೆಗೆದುಕೊಂಡದ್ದು ಸಾಕು, ಇದನ್ನು ಅದರ ಒಡೆಯನ ಕೈಗೆ ನಾನೇ ಕೊಡುತ್ತೇನೆ ಎಂದು ಅಕ್ಕ ಹಿಂದಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ಕೂತೇಬಿಟ್ಟಳು. ವಾದ ಮಾಡಲು ಹೊತ್ತಿರಲಿಲ್ಲ.

ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ನಿಧಾನವಾಗಿ ಹೋಗುತ್ತಿತ್ತು, ಹೋಗುತ್ತಲೇ ಇತ್ತು. ಅವನು ಸ್ಕೂಟರನ್ನು ಆರಿಸಿದ, ಮತ್ತೆ ಹೊತ್ತಿಸಿದ, ಇಳಿದ, ಗೇಟಿನ ಕಂಬದವರೆಗೆ ನಡೆದ, ಡಬ್ಬಿಗಳನ್ನು ಎಣಿಸತೊಡಗಿದ, ಎಣಿಕೆ ತಪ್ಪಿಸಿಕೊಂಡ. ಬೇಕರಿ ಯಜಮಾನರು ಈಗ ಚಾಪೆ ಹಾಸುತ್ತಿರಬಹುದು. ಈಗ ಕಿವಿ ಮುಚ್ಚಿಕೊಳ್ಳುತ್ತಿರಬಹುದು. ನಿಧಾನಸ್ಥ ಮನುಷ್ಯ, ಮೊದಲು ಹತ್ತು ನಿಮಿಷ ಟೀ ಕುಡಿಯುವುದುಂಟು. ಆದರೆ ಇಂದು ಫ್ಲಾಸ್ಕು ಮರೆತಿದ್ದರೆ?

“ಗೇಟು ನಿನ್ನ ಮುಖ ನೋಡಿ ತೆಗೆಯೋದಿಲ್ಲ,” ಎಂದಳು ಅಕ್ಕ. “ಬಂದು ಕೂತ್ಕೋ. ನೀನು ಹೀಗೆ ಸುತ್ತಿದ್ರೆ ನಂಗೇ ತಲೆ ತಿರುಗುತ್ತೆ.”

ಅವನು ಬಂದು ಕೂತ. ಕೂತಲ್ಲೇ ಕಾಲು ಕುಣಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಹಿಂದಕ್ಕೆ ತಿರುಗದೆಯೇ, ಅಂದು ಹಾಗೆ ಹೇಳಬಾರದಿತ್ತು ಎಂದ. ಯಾವುದನ್ನು ಎಂದು ಅಕ್ಕ ಕೇಳಲಿಲ್ಲ. ತಾನು ಓದದೆ ಇಟ್ಟದ್ದೂ ಸರಿಯಲ್ಲ ಎಂದಳು. ಗೇಟು ತೆರೆಯಿತು.

ಗಣಿಯ ದಾರಿಯಲ್ಲಿ ಅವನು ಕಿವಿಯನ್ನೇ ಮುಂದೆ ಮಾಡಿಕೊಂಡು ಗಾಡಿ ಓಡಿಸಿದ. ಚಿಕ್ಕ ರೈಫಲ್ಲುಗಳ ಸದ್ದು ಒಣ ಕಡ್ಡಿ ಮುರಿದಂತೆ. ಹಳೆಯ ಮಿಲಿಟರಿ ರೈಫಲ್ಲಿನ ಸದ್ದು ಗಣಿಯ ಗೋಡೆಗೆ ಬಡಿದು ಎದೆಗೆ ವಾಪಸು ಬರುತ್ತದೆ. ಕಡ್ಡಿ ಮುರಿಯುತ್ತಿತ್ತು, ಅಷ್ಟೇ. ಪ್ರತಿ ತಿರುವಿನಲ್ಲೂ ಎದೆಗೆ ಬಡಿಯುವ ಆ ಸದ್ದಿಗಾಗಿ ಕಾದು ಬೆನ್ನು ಸೆಟೆದುಕೊಂಡಿತ್ತು. ಮೈದಾನದ ಕಂಬದ ಮೇಲೆ ಕೆಂಪು ಬಾವುಟ ಹಾರುತ್ತಿತ್ತು. ಅಂದರೆ ಗುಂಡು ಹೊಡೆಯುತ್ತಿದ್ದಾರೆ. ಗೇಟಿನ ಕಾವಲುಗಾರ ಪುಸ್ತಕದಲ್ಲಿ ಹೆಸರು ಬರೆಯಿರಿ ಎನ್ನುವಷ್ಟರಲ್ಲಿ ಅಕ್ಕ ಅವನನ್ನು ದಾಟಿ ಮುಂದೆ ಹೋಗಿಯಾಗಿತ್ತು.

ಕಟ್ಟಡದ ಮೂಲೆ ತಿರುಗಿದರೆ ಎಂಟು ಚಾಪೆಗಳ ಸಾಲು. ಕೊನೆಯ ಚಾಪೆಯ ಮೇಲೆ ಬೇಕರಿ ಯಜಮಾನರು ಬೋರಲು ಮಲಗಿದ್ದರು. ಐದು ತೋಟಾಗಳನ್ನು ಹೆಬ್ಬೆರಳಿನಿಂದ ಒತ್ತಿ ತುಂಬಿ, ಬೋಲ್ಟನ್ನು ಮುಂದಕ್ಕೆ ತಳ್ಳಿದರು. ಹಿಡಿ ಕೆಳಗೆ ಮಡಚಿತು. ಕೆನ್ನೆ ಮರಕ್ಕೆ ಒರಗಿತು.

ಕೂಗಬೇಕಾದ ಕ್ಷಣ ಅದು. ಚಡಪಡಿಯ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಆ ಪ್ಲಾಸ್ಟಿಕ್ ಚೀಲವೂ ಆ ನಗುವೂ ಅಡ್ಡ ಬಂದವು ಎಂದು ಅವನೇ ಆಮೇಲೆ ನನಗೆ ಹೇಳಿದ.

ಕೂಗಿದ್ದು ಅಕ್ಕ. ಹಲಗೆಯ ಮೇಲಿನ ನಿಯಮವನ್ನು ಅವಳು ಓದಿರಲಿಲ್ಲ, ಅಲ್ಲಿ ಕೂಗಬೇಕಾದ ಮಾತು ಯಾವುದೆಂದೂ ಗೊತ್ತಿರಲಿಲ್ಲ. ಐವತ್ತು ವರ್ಷಗಳ ಹಿಂದೆ ಗೋಡೆ ಹತ್ತಿದ ತಮ್ಮನನ್ನು ಇಳಿಸಲು ಬಳಸುತ್ತಿದ್ದ ದನಿಯೊಂದು ಅವಳಲ್ಲಿ ಇನ್ನೂ ಇತ್ತು. “ಎಲ್ರೂ ಹಾಗೇ ಇರಿ, ಯಾರೂ ಕೈ ಅಲ್ಲಾಡಿಸ್ಬೇಡಿ.”

ಉಸ್ತುವಾರಿಯವರು ಒಂದು ಕಿವಿಯ ಮುಚ್ಚಳವನ್ನು ಸದಾ ಅರ್ಧ ಸರಿಸಿಕೊಂಡೇ ನಿಲ್ಲುತ್ತಿದ್ದರು. ಆ ಕಿವಿಗೆ ಅದು ಬಿತ್ತು. ಯಾರು, ಏನು, ಯಾಕೆ ಎಂದು ನೋಡುವ ಮೊದಲೇ ಸೀಟಿ ಊದಿದರು. ಎಂಟೂ ಚಾಪೆಗಳಲ್ಲಿ ಬೆರಳುಗಳು ಟ್ರಿಗರಿನಿಂದ ಆಚೆ ಬಂದವು, ಬೋಲ್ಟುಗಳು ಹಿಂದಕ್ಕೆ ಸರಿದವು. ಬೇಕರಿ ಯಜಮಾನರ ಮೊದಲ ತೋಟಾ ಹೊರಗೆ ಚಿಮ್ಮಿ ಸಿಮೆಂಟಿನ ಮೇಲೆ ಉರುಳಿತು. ಎಲ್ಲರೂ ರೈಫಲ್ಲುಗಳನ್ನು ಚಾಪೆಯಲ್ಲೇ ಬಿಟ್ಟು ಎದ್ದು ಗೆರೆಯ ಹಿಂದಕ್ಕೆ ಬಂದರು.

ಅಕ್ಕ ಬೇಕರಿ ಯಜಮಾನರ ಮುಂದೆ ನಿಂತು, ನಿಮ್ಮದರ ಮೇಲೆ ಏನು ಬರೆದಿದೆ ಓದಿ ಎಂದಳು. ಅವರು ಬಗ್ಗಿ ಓದಿದರು. ಏಳು, ಏಳು, ನಾಲ್ಕು, ಎರಡು. ರೈಫಲ್ಲಿನ ಮೇಲೆ ಒಂದು, ಒಂದು, ಎಂಟು, ಐದು.

ಉಸ್ತುವಾರಿಯವರು ರೈಫಲ್ಲನ್ನು ಪೂರ್ತಿ ಖಾಲಿ ಮಾಡಿಸಿ ಕಚೇರಿಯಿಂದ ಗೇಜು ತಂದರು. ತೋಟಾದ ಆಕಾರದ ಉಕ್ಕಿನ ತುಂಡು ಅದು. ಅದನ್ನು ಒಳಗಿಟ್ಟಾಗ ಬೋಲ್ಟಿನ ಹಿಡಿ ಪೂರ್ತಿ ಮಡಚಬಾರದು. ಮಡಚಿದರೆ ಜಾಗ ಮಿತಿಮೀರಿದೆ ಎಂದು ಅರ್ಥ. ಅವರು ಒಂದೇ ಬೆರಳಿನಿಂದ ತಳ್ಳಿದರು. ಹಿಡಿ ಎಲ್ಲೂ ತಡೆಯದೆ, ಬೆಣ್ಣೆಯಲ್ಲಿ ಚಾಕು ಇಳಿದಂತೆ ಕೊನೆಯವರೆಗೆ ಇಳಿಯಿತು. ಬೇಕರಿ ಯಜಮಾನರು ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಆಮೇಲೆ ಅಂಗೈಯನ್ನು ನೋಡಿಕೊಂಡರು.

ಚಡಪಡಿ ನೆಲದ ಮೇಲೆ ಕೂತಿದ್ದ. ಯಾವಾಗ ಕೂತನೋ ಅವನಿಗೇ ತಿಳಿಯದು. “ತಪ್ಪು ನನ್ನದು,” ಎಂದ. “ಮೊದಲು ಎತ್ಕೊಂಡವನು ನಾನು. ನಂಬರು ನೋಡ್ಲಿಲ್ಲ.”

“ಉಳಿದಿದ್ದನ್ನ ನೋಡ್ದೇ ತಗೊಂಡವನು ನಾನಲ್ವೇನಯ್ಯ,” ಎಂದರು ಯಜಮಾನರು. ಅವನ ಪಕ್ಕದಲ್ಲೇ ಅವರೂ ಕೂತರು. ಇಬ್ಬರೂ ಹಾಗೆಯೇ ಬಹಳ ಹೊತ್ತು ಕೂತಿದ್ದರು. ಅವನ ಕಾಲು ಅಲುಗಲಿಲ್ಲ. ಪ್ಲಾಸ್ಟಿಕ್ ಚೀಲದ ಲೈಸೆನ್ಸಿನ ಮಾತೆತ್ತಿ ಕಾಲೆಳೆದವರಲ್ಲೊಬ್ಬರು ಬಂದು ಅವನಿಗೆ ನೀರು ಕೊಟ್ಟು ಹೋದರು.

ಬೋಲ್ಟುಗಳ ಅದಲು ಬದಲು ಅಕ್ಕನ ಕೈಯಿಂದಲೇ ಆಯಿತು. ಎರಡನ್ನೂ ಗಟ್ಟಿಯಾಗಿ ಓದಿ, ಕೇಳಿಸಿಕೊಂಡಿರಾ ಎಂದು ಇಬ್ಬರನ್ನೂ ಕೇಳಿದಳು. ಉಸ್ತುವಾರಿಯವರು ಬೇಕರಿ ಯಜಮಾನರ ರೈಫಲ್ಲಿಗೆ ಅದರ ಸ್ವಂತ ಬೋಲ್ಟು ಹಾಕಿ ಮತ್ತೆ ಗೇಜು ಇಟ್ಟು ನೋಡಿದರು. ಹಿಡಿ ಅರ್ಧದಲ್ಲೇ ನಿಂತಿತು. ಯಜಮಾನರಿಗೆ ಆಗಲೂ ಸಮಾಧಾನವಾಗಲಿಲ್ಲ. ಅಮ್ಮಾ, ನನ್ನ ಬೋಲ್ಟನ್ನೂ ನಿಮ್ಮ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ ಎಂದರು.

“ಬೇಡಪ್ಪ,” ಎಂದಳು ಅಕ್ಕ. “ಎರಡೂ ಒಂದೇ ಕಡೆ ಇದ್ದಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು? ನಿಮ್ಮ ಮನೇಲಿ ಓದು ಬರೋರು ಯಾರಾದ್ರೂ ಇದ್ರೆ ನೋಡ್ಕೊಳ್ಳಿ.”

ಅಂದು ಯಾರೂ ಮತ್ತೆ ಹೊಡೆಯಲಿಲ್ಲ. ಬಾವುಟ ಇಳಿಸಿದರು. ಹಿಂದಿರುಗುವಾಗ ರೈಲ್ವೆ ಗೇಟು ತೆರೆದೇ ಇತ್ತು. ಆದರೂ ಅವನು ಅಲ್ಲಿ ಸ್ಕೂಟರು ನಿಲ್ಲಿಸಿ, ಚೀಲ ಇದೆಯಾ ಎಂದು ಹಿಂದಕ್ಕೆ ತಿರುಗಿ ಕೇಳಿದ. ಇದೆ ಎಂದಳು. ಇನ್ನೂರು ಗಜ ಹೋಗಿ ಮತ್ತೆ ಕೇಳಿದ.

ಅಕ್ಕನ ಮನೆಯ ಹೊಸ್ತಿಲಲ್ಲಿ ಅವನು ನಿಂತ. ಅವಳು ಕನ್ನಡಕ ಹಾಕಿ, ಕಿಟಕಿಗೆ ಹಿಡಿದು, ರಾಗವಾಗಿ ಓದಿದಳು. ಕಾಲುಚೀಲಕ್ಕೆ ಹಾಕಿ, ಶಾಲಿನ ಕೆಳಗಿಟ್ಟು, ಪೆಟ್ಟಿಗೆ ಮುಚ್ಚಿದಳು. ಆಗ ಅವನೇ ಆರು ವಾರಗಳ ಹಿಂದಿನ ಮಾತನ್ನು ಎತ್ತಿದ. ನಿನಗೆ ಬೇಡವೆನ್ನಿಸಿದರೆ ಸೋಮವಾರವೇ ಠಾಣೆಗೆ ಒಪ್ಪಿಸುತ್ತೇನೆ ಎಂದ. ಹೇಳುವಾಗ ಅವನು ಹೊಸ್ತಿಲ ಮರದ ಸಿಬಿರನ್ನು ಕೀಳುತ್ತಿದ್ದ.

ಅಕ್ಕ ಮಂಡಿ ನೀವಿಕೊಂಡಳು. “ನನ್ನ ಕಣ್ಣು ಓದೋ ತನಕ ಇರಲಿ,” ಎಂದಳು. “ಯಾವತ್ತು ಒಂದಂಕಿ ತಪ್ಪಿ ಓದ್ತೀನೋ, ಅವತ್ತು ತಗೊಂಡು ಹೋಗಿ ಕೊಟ್ಬಿಡು. ನನ್ನ ಕೇಳ್ಬೇಡ.”

ಆಗಲಿ ಎಂದು ಅವನು ಮೆಟ್ಟಿಲಿಳಿದ. ಗೇಟು ದಾಟಿದ. ಸ್ಕೂಟರಿನ ಕೀಲಿ ತಿರುಗಿಸಿದ. ಆರಿಸಿದ. ಹಿಂತಿರುಗಿ ಬಂದು ಹೊಸ್ತಿಲ ಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತ.

“ಇನ್ನೊಂದ್ಸಲ ಓದಕ್ಕ.”

ಅಕ್ಕ ಪೆಟ್ಟಿಗೆಯ ಮುಚ್ಚಳ ಎತ್ತಿ, ಶಾಲು ಸರಿಸಿ, ಕಾಲುಚೀಲ ಬಿಚ್ಚಿ, ಕಿಟಕಿಯ ಹತ್ತಿರ ಹೋದಳು.